ಗಣಕಯಂತ್ರದೊಳಗಿನ ಕಳವು: ಸಂಶಯ ಬಂದೊಡನೆ ಪಂಚಾಯಿತಿಗೆ ತಿಳಿಸಿರಿ



ಹೊಲದ ಪಹಣಿ, ಮನೆಯ ಖಾತೆ, ಕಂದಾಯದ ಲೆಕ್ಕ ಇವೆಲ್ಲವೂ ಕಚೇರಿಯ ದಫ್ತರದ ಗಂಟಿನೊಳಗಿದ್ದ ಕಾಲದಲ್ಲಿ, ಒಂದು ಹಾಳೆ ಕಾಣೆಯಾದರೆ ಅದರ ಸ್ಥಾನವು ಬರಿದಾಗಿ ಕಂಡು, ಸಂಜೆಯೊಳಗೆ ಊರಿಗೆ ಊರೇ ಅದನ್ನು ಅರಿಯುತ್ತಿತ್ತು. 'ಭೂಮಿ' ಯೋಜನೆಯು ಕೈಬರಹದ ಪಹಣಿಯನ್ನು ನಿಲ್ಲಿಸಿ, 'ಇ-ಸ್ವತ್ತು' ತಂತ್ರಾಂಶವು ನಮೂನೆ 9 ಮತ್ತು 11ನ್ನು ಗಣಕಯಂತ್ರದಿಂದಲೇ ಹೊರಡಿಸತೊಡಗಿದ ಬಳಿಕ ಕಳವಿನ ಸ್ವರೂಪವೇ ಬದಲಾಗಿದೆ. ಈಗ ಕದ್ದ ವಸ್ತುವು ಕಳವಾದ ಮೇಲೂ ಇದ್ದಲ್ಲಿಯೇ ಇರುತ್ತದೆ, ಅಧಿಕಾರಿಯ ಕಣ್ಣಿಗೆ ಎಲ್ಲವೂ ನಿನ್ನೆಯಂತೆಯೇ ತೋರುತ್ತದೆ, ಮತ್ತು ಪರಿಣಾಮವು ಮೊತ್ತಮೊದಲು ತಟ್ಟುವುದು ಕಚೇರಿಯಲ್ಲಿ ಕುಳಿತವನಿಗಲ್ಲ, ತಾನು ಕೇಳದೆಯೇ ಬಂದ ಒ.ಟಿ.ಪಿ.ಯನ್ನು ನಡುರಾತ್ರಿಯಲ್ಲಿ ಕಂಡು ಬೆದರುವ ನಾಗರಿಕನಿಗೆ. ಆದುದರಿಂದ ಅವನು ಬಾಯಿ ತೆರೆಯತಕ್ಕದ್ದು. ಪಂಚಾಯಿತಿ, ಪುರಸಭೆಗಳು ಕಿವಿಗೊಡತಕ್ಕದ್ದು. ಈ ಕರಪತ್ರದ ವಾದವು ಇಷ್ಟೇ.

2023ರಲ್ಲಿ ನಮ್ಮ ರಾಜ್ಯದಲ್ಲಿಯೇ ನಡೆದ ಸಂಗತಿಯನ್ನು ನೆನೆಯಬಹುದು. ನೋಂದಾಯಿತ ಕ್ರಯಪತ್ರಗಳ ಪ್ರತಿಗಳನ್ನು ನೋಂದಣಿ ಇಲಾಖೆಯ 'ಕಾವೇರಿ' ಜಾಲತಾಣದಿಂದ ಪಡೆದ ವಂಚಕರು, ಅವುಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಮೂಲಕ ನಡೆಯುವ ಪಾವತಿ ವ್ಯವಸ್ಥೆಯಲ್ಲಿ ಅದನ್ನು ಬಳಸಿ, ಆಸ್ತಿ ಕೊಂಡವರ ಮತ್ತು ಮಾರಿದವರ ಬ್ಯಾಂಕು ಖಾತೆಗಳಿಂದ ಹಣವನ್ನು ತೆಗೆದರು. ಆ ವ್ಯವಸ್ಥೆಗೆ ಒ.ಟಿ.ಪಿ. ಬೇಕಿಲ್ಲ; ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಿನ ಗುರುತು ಇಷ್ಟಿದ್ದರೆ ಸಾಕು. ಬಿಡಿಬಿಡಿಯಾಗಿ ನೋಡಿದಾಗ ಆ ಕಳವುಗಳು ಒಂದೊಂದೂ ಬ್ಯಾಂಕಿನ ಕೌಂಟರಿನಲ್ಲಿ ಮುಗಿದುಹೋಗಬಹುದಾದ ಸಣ್ಣ ತಕರಾರುಗಳು. ಪೊಲೀಸರ ಬಳಿ ದೂರುಗಳು ಸಾಲುಗಟ್ಟಿದಾಗ ಮಾತ್ರ ಬೇರು ಎಲ್ಲಿದೆಯೆಂಬುದು ಬಯಲಾಗಿ, ದಾಖಲೆಗಳಲ್ಲಿಯ ಬೆರಳಚ್ಚನ್ನೂ ಆಧಾರ್ ಸಂಖ್ಯೆಯನ್ನೂ ಮರೆಮಾಡುವ ಕ್ರಮವನ್ನು ನೋಂದಣಿ ಇಲಾಖೆಯು ಕೈಗೊಂಡಿತು. ಮೊದಲ ಹತ್ತು ಜನ 'ಹೋದದ್ದು ಹೋಯಿತು' ಎಂದು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ಓದುಗರೇ ಊಹಿಸಲಿ.

ಇನ್ನು ದೂರು ಹೊತ್ತು ಸ್ಥಳೀಯ ಕಚೇರಿಗೆ ಹೋದವನಿಗೆ ದೊರೆಯುವ ಉತ್ತರವು ಯಾರಿಗೆ ತಿಳಿಯದು? 'ಸರ್ವರ್ ಪ್ರಾಬ್ಲಂ, ನಾಳೆ ಬನ್ನಿ' ಎಂಬುದು ಒಂದು. 'ಅದೆಲ್ಲ ಬೆಂಗಳೂರಿನಲ್ಲಿ, ನಮ್ಮ ಕೈಲಿಲ್ಲ' ಎಂಬುದು ಇನ್ನೊಂದು. ಎರಡನೆಯ ಮಾತು ಅರ್ಧ ಸತ್ಯ. ಸರ್ವರ್ ಬೆಂಗಳೂರಿನಲ್ಲಿರಬಹುದು, ಆದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಡಿಜಿಟಲ್ ಸಹಿಯ ಡಾಂಗಲ್ ಹಗಲೆಲ್ಲ ಆಪರೇಟರನ ಗಣಕಯಂತ್ರಕ್ಕೇ ಸಿಕ್ಕಿಸಿಕೊಂಡಿದ್ದು, ಪಾಸ್‌ವರ್ಡ್ ಬರೆದ ಚೀಟಿಯು ಪರದೆಯ ಅಂಚಿಗೆ ಅಂಟಿಕೊಂಡಿರುವ ದೃಶ್ಯವು ಬೆಂಗಳೂರಿನದಲ್ಲ. ಅಧಿಕಾರಿಗಳ ಕಷ್ಟವನ್ನು ನಾವು ಅರಿಯದವರೇನೂ ಅಲ್ಲ: ಒಬ್ಬರ ತಲೆಯ ಮೇಲೆ ಹತ್ತು ತಂತ್ರಾಂಶಗಳ ಭಾರ, ಒಮ್ಮೊಮ್ಮೆ ಎರಡು ಪಂಚಾಯಿತಿಗಳ ಪ್ರಭಾರ. ಆದರೂ ಕಚೇರಿಯ ಮರ್ಯಾದೆ ಉಳಿಯಲೆಂದು ದೂರನ್ನು ಅದುಮಿಡುವುದು ಕಷ್ಟದ ಪರಿಹಾರವಲ್ಲ, ಅದು ಕಳ್ಳನಿಗೆ ಕೊಟ್ಟ ಕಾಲಾವಕಾಶ.

ಕಾಲವು ಇಲ್ಲಿ ಎಷ್ಟು ಅಮೂಲ್ಯವೆಂಬುದನ್ನು ಕಾನೂನೇ ಹೇಳುತ್ತದೆ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 70ಬಿ ಪ್ರಕರಣದ ಮೇರೆಗೆ ಕೇಂದ್ರದ ಸೈಬರ್ ಸುರಕ್ಷಾ ಸಂಸ್ಥೆಯಾದ ಸರ್ಟ್-ಇನ್ 28 ಏಪ್ರಿಲ್ 2022ರಂದು ಹೊರಡಿಸಿದ ನಿರ್ದೇಶನದಂತೆ, ಸರ್ಕಾರಿ ಸಂಸ್ಥೆಗಳೂ ಕಂಪನಿಗಳೂ ಸೇವಾದಾತರೂ ಇಂಥ ಘಟನೆಯು ಗಮನಕ್ಕೆ ಬಂದ ಆರು ಗಂಟೆಗಳೊಳಗಾಗಿ ಅದಕ್ಕೆ ವರದಿ ಮಾಡತಕ್ಕದ್ದು. ಯಾರು, ಯಾವಾಗ, ಎಲ್ಲಿಂದ ಒಳಹೊಕ್ಕರೆಂಬುದನ್ನು ತೋರುವ ಲಾಗ್‌ಗಳನ್ನು 180 ದಿನಗಳ ಕಾಲ ಕಾದಿರಿಸತಕ್ಕದ್ದು. ಆ ಅವಧಿಯು ಮುಗಿದ ಮೇಲೆ ಬಂದ ದೂರಿಗೆ ಸಾಕ್ಷ್ಯವು ಉಳಿದೀತೆಂಬ ಭರವಸೆಯಿಲ್ಲ.

ಇಷ್ಟಾದರೂ ನಮ್ಮ ಜನರು, ವಿಶೇಷವಾಗಿ ಓದಿದ ತರುಣರು, ಹಿಂಜರಿಯುವುದೇಕೆ? 'ನಿನಗೆ ಹೇಗೆ ಗೊತ್ತಾಯಿತು, ನೀನೇ ಹ್ಯಾಕ್ ಮಾಡಿದೆಯೇನು?' ಎಂಬ ಪ್ರಶ್ನೆಯ ಭಯದಿಂದ. ಪುರಸಭೆಯ ಜಾಲತಾಣದಲ್ಲಿ ತನ್ನ ತೆರಿಗೆ ರಸೀದಿಯನ್ನು ತೆರೆದ ಯುವಕನೊಬ್ಬನು, ಮೇಲಿನ ವಿಳಾಸದ ಕೊನೆಯಲ್ಲಿ ಒಂದು ಅಂಕಿ ತಪ್ಪಿಬಿದ್ದಾಗ ನೆರೆಯವರ ಹೆಸರು, ಮೊಬೈಲ್ ಸಂಖ್ಯೆ, ಸ್ವತ್ತಿನ ವಿವರಗಳು ತೆರೆದುಕೊಂಡುದನ್ನು ಕಂಡನೆಂದು ಇಟ್ಟುಕೊಳ್ಳಿರಿ. ಅವನು ಅಲ್ಲಿಯೇ ನಿಲ್ಲಬೇಕು. ಮೂರನೆಯವರ, ನಾಲ್ಕನೆಯವರ ಪತ್ರಗಳನ್ನು ಇಳಿಸಿಕೊಂಡು 'ಪುರಾವೆ' ಕೂಡಿಸಲು ಹೊರಡಬಾರದು, ವಾಟ್ಸ್‌ಆ್ಯಪ್ ಗುಂಪಿಗಂತೂ ಹಾಕಲೇಬಾರದು. ಅನುಮತಿಯಿಲ್ಲದ ಪ್ರವೇಶವನ್ನು ಅದೇ ಅಧಿನಿಯಮದ 43ನೆಯ ಪ್ರಕರಣವು ನಿಷೇಧಿಸಿದೆ. ಅಪ್ರಾಮಾಣಿಕ ಉದ್ದೇಶವೂ ಸೇರಿದರೆ 66ನೆಯ ಪ್ರಕರಣದಂತೆ ಮೂರು ವರ್ಷಗಳವರೆಗೆ ಸೆರೆವಾಸವುಂಟು. ಕಂಡ ದಿನಾಂಕ, ವೇಳೆ, ಪುಟದ ವಿಳಾಸ, ಪರದೆಯ ಒಂದು ಚಿತ್ರ ಇವನ್ನು ಸೇರಿಸಿ, 'ಹೀಗೆ ಕಂಡಿತು, ಪರಿಶೀಲಿಸಬೇಕು' ಎಂದು ಅಭಿವೃದ್ಧಿ ಅಧಿಕಾರಿಗೋ ಮುಖ್ಯಾಧಿಕಾರಿಗೋ ಲಿಖಿತವಾಗಿ ಸಲ್ಲಿಸಿ, ಪ್ರತಿಯನ್ನು ಸರ್ಟ್-ಇನ್‌ಗೆ ಕಳುಹಿದರೆ ಅವನ ಕರ್ತವ್ಯವು ತೀರಿತು. ಸಂಶಯವನ್ನು ತಿಳಿಸುವುದು ನಾಗರಿಕನ ಕೆಲಸ. ಸಾಬೀತುಪಡಿಸುವುದು ತಜ್ಞರ ಕೆಲಸ.

ಹಣವೇ ಹೋಗಿದ್ದ ಪಕ್ಷದಲ್ಲಿ ಪಂಚಾಯಿತಿಯ ಬಾಗಿಲು ಕಾಯುತ್ತ ಕೂರದೆ, ಒಡನೆಯೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಿ, ಆಧಾರ್‌ನ ಬಯೋಮೆಟ್ರಿಕ್ ಅನ್ನು ಲಾಕ್ ಮಾಡಿಸಿಕೊಳ್ಳಿರಿ. ಕಚೇರಿಗೆ ಬರೆಯುವುದು ಆಮೇಲೆ, ಆದರೆ ಬರೆಯದೆ ಬಿಡಬೇಡಿರಿ.

ಖಾತೆ ಬದಲಾವಣೆಗೆ ಅರ್ಜಿ ಕೊಟ್ಟವನಿಗೆ 'ಸಕಾಲ' ಸೇವಾ ಯೋಜನೆಯ ಸ್ವೀಕೃತಿ ಸಂಖ್ಯೆ ದೊರೆಯುವ ರಾಜ್ಯದಲ್ಲಿ, ಆ ಖಾತೆಯನ್ನೇ ಯಾರೋ ತಿದ್ದಿದ್ದಾರೆಂದು ಶಂಕಿಸಿ ಬಂದವನು ಬರಿಗೈಯಲ್ಲಿ ಮರಳುವುದು ನ್ಯಾಯವಲ್ಲ. ಮುಂದಿನ ಗ್ರಾಮಸಭೆಗೆ, ವಾರ್ಡುಸಭೆಗೆ ತಪ್ಪದೆ ಬನ್ನಿರಿ. ಇಂಥ ದೂರುಗಳನ್ನು ಸ್ವೀಕರಿಸತಕ್ಕ ಅಧಿಕಾರಿಯ ಹೆಸರನ್ನು ಸೂಚನಾ ಫಲಕದ ಮೇಲೆ ಬರೆಯಬೇಕೆಂದೂ, ದೂರಿಗೆ ಅದೇ ದಿನ ಮೊಹರು ಹಾಕಿದ ಸ್ವೀಕೃತಿ ಕೊಡಬೇಕೆಂದೂ, ಸದುದ್ದೇಶದಿಂದ ತಿಳಿಸಿದವನ ಹೆಸರನ್ನು ಬಯಲು ಮಾಡಬಾರದೆಂದೂ ನಿರ್ಣಯವನ್ನು ಮಂಡಿಸಿ, ಅದು ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಸಭೆಯಿಂದ ಏಳಬೇಡಿರಿ.