ಫೋನಿನ ಗಿರಾಕಿ, ಪೇಟೆಯ ಬೆಲೆ



2024ರ ಮಾರ್ಚ್ 11ರಂದು ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ದರ ಬಿದ್ದಾಗ ರೈತರ ಸಿಟ್ಟಿಗೆ ವಾಹನಗಳು ಸುಟ್ಟವು. ಬೆಳೆಯುವವರು ನಾವು, ಬೆಲೆ ಕಟ್ಟುವವರು ಬೇರೆ. ರೋಗದ ಮೂಲ ಇದೇ.

ಈಗ "ವಾಟ್ಸಾಪಿನಾಗ ಮಾರ್ರಿ, ದಲಾಲಿ ತಪ್ಪತೈತಿ" ಅನ್ನುವವರು ಬಹಳ. ಈ ಮಾತು ಅರ್ಧ ಖರೆ. ಕರ್ಜಗಿಯಲ್ಲಿ ಹತ್ತು ಮನೆಯವರು ಕೂಡಿ, ತೊಟ್ಟು ಬಿಡಿಸಿ, ಖಾರಪುಡಿ ಮಾಡಿಸಿ, ಎಫ್‌ಎಸ್‌ಎಸ್‌ಎಐ ನೋಂದಣಿ ಪಡೆದು ಫೋಟೊ ಹಾಕಿದರೆ ಬೆಂಗಳೂರಿನ ಗಿರಾಕಿಯೂ ಸಿಕ್ಕಾನು. ಅಲ್ಲಿ ದರ ಹೇಳುವವರು ನಾವೇ. ಬ್ಯಾಡಗಿ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಬೇರೆ ತಳಿ ಬೆರೆಸಿ ಆ ಹೆಸರು ಕೆಡಿಸಬ್ಯಾಡ್ರಿ. ರೊಕ್ಕ ಬಂದ ಮೇಲೆ ಮಾಲು ಕಳಿಸ್ರಿ. ರೊಕ್ಕ ಪಡೆಯಲು ಪಿನ್ ಒತ್ತು ಅನ್ನುವವನು ಕಳ್ಳ. ಜಾಹೀರಾತಿಗಾಗಿ ಸಾಲ ಬೇಡವೇ ಬೇಡ.

ಆದರೆ ಫೋನು ಹತ್ತು ಕಿಲೋ ಮಾರೀತು, ಹತ್ತು ಕ್ವಿಂಟಲ್ ಮಾರಲಾರದು. ಉಳಿದ ಚೀಲ ಪೇಟೆಗೇ ಹೋಗಬೇಕು. ಕೇಂದ್ರದ ಬೆಂಬಲ ಬೆಲೆಯ ಪಟ್ಟಿಯಲ್ಲಿ ಮೆಣಸಿನಕಾಯಿಯೇ ಇಲ್ಲ! ಖರ್ಚಿನ ಮೇಲೆ ಲಾಭ ಸೇರಿದ ಬೆಲೆ ಪೇಟೆಯಲ್ಲಿ ಸಿಗದ ಹೊರತು ಸಾಲ ಹರಿಯದು. ಕೈಯಲ್ಲಿ ಫೋನಿರಲಿ, ಹೆಗಲ ಮೇಲಿನ ಹಸಿರು ಶಾಲು ಇಳಿಯದಿರಲಿ.