ಬಾಸ್ ಕುರ್ಚಿಯೂ ಪ್ರಣಯದ ಬಿಸಿಯೂ



ಈ ವಾರ ಒಂದು ಸಣ್ಣ ಲೆಕ್ಕ ಹಾಕೋಣ ಬನ್ನಿ. ಸಿನಿಮಾದಲ್ಲಿ ಬಾಸ್ ಗಂಡಸಾಗಿದ್ದು, ಕೈಯಲ್ಲಿ ಷಾರ್ಟ್‌ಹ್ಯಾಂಡ್ ಪುಸ್ತಕ ಹಿಡಿದ ಚೆಲುವೆ ಅವನ ಕ್ಯಾಬಿನ್ನಿಗೆ ಕಾಲಿಟ್ಟರೆ ಏನಾಗುತ್ತದೆ? ಫ್ಯಾನ್ ಗಾಳಿಗೆ ಸೆರಗು ಹಾರುತ್ತದೆ, ಪೆನ್ನು ಕೆಳಗೆ ಬೀಳುತ್ತದೆ, ಇಬ್ಬರೂ ಒಟ್ಟಿಗೇ ಬಗ್ಗುತ್ತಾರೆ, ತಲೆಗೆ ತಲೆ ಢಿಕ್ಕಿ... ಮುಂದಿನ ಷಾಟ್ ಊಟಿ! ಅದೇ ಬಾಸ್ ಹೆಂಗಸಾಗಿದ್ದರೆ? ಆಗಲೂ ಊಟಿಗೆ ಹೋಗುತ್ತಾರೆ ಬಿಡಿ. ಆದರೆ ಅದಕ್ಕೆ ಮುಂಚೆ ಅವಳ ಕೆನ್ನೆಗೆ ಒಂದು ಬೀಳಲೇಬೇಕು, ಅವಳ ಗರ್ವ ಇಳಿಯಲೇಬೇಕು. ಮುಂದಿನ ಬೆಂಚಿನಲ್ಲಿ ಕೂತ ನಾವು ಶಿಳ್ಳೆ ಹೊಡೆಯಲೇಬೇಕು!

ಯಾಕೆ ಸ್ವಾಮಿ ಹೀಗೆ? ಒಂದೇ ಆಫೀಸು, ಒಂದೇ ಕುರ್ಚಿ. ಕೂತವರು ಬದಲಾದರೆ ಪ್ರೇಮದ ಕಾನೂನೇ ಬದಲಾಗುತ್ತದಾ?

ಇದಕ್ಕೆ ಉತ್ತರ ಹುಡುಕಲು ಬೊಂಬಾಯಿಗೆ ಹೋಗಬೇಕಿಲ್ಲ. ನಮ್ಮ ಗಾಂಧಿನಗರದ್ದೇ ಒಂದು ಚಿತ್ರವಿದೆ. 1986ರ 'ಅನುರಾಗ ಅರಳಿತು'. ಎಚ್.ಜಿ. ರಾಧಾದೇವಿಯವರ ಕಾದಂಬರಿ, ಎಂ.ಎಸ್. ರಾಜಶೇಖರ್ ನಿರ್ದೇಶನ, ಉಪೇಂದ್ರಕುಮಾರ್ ಸಂಗೀತ. ಕೋಟ್ಯಧೀಶ್ವರಿ ಉದ್ಯಮಿಯಾಗಿ ಮಾಧವಿ, ಅವಳ ಕಾರ್ಖಾನೆಯ ಮೆಕ್ಯಾನಿಕ್ ಆಗಿ ನಮ್ಮ ಅಣ್ಣಾವ್ರು, ಜೊತೆಗೆ ಗೀತಾ. ಅಮ್ಮನೇ ದೇವರು ಅನ್ನುವ ಬಡವ ಒಂದು ಕಡೆ, ದುಡ್ಡೇ ದೇವರು ಅನ್ನುವ ಯಜಮಾನಿ ಇನ್ನೊಂದು ಕಡೆ. ಅವಳು ಅವನನ್ನು ಮದುವೆಯಾಗುವುದೇ ಅವನನ್ನು ಬಗ್ಗಿಸುವುದಕ್ಕೆ. ಬಗ್ಗುವವರು ಯಾರು ಅಂತ ನಾನು ಹೇಳಬೇಕಾ?

ಈ ಕಥೆಯ ಅದೃಷ್ಟ ನೋಡಿ. 1992ರಲ್ಲಿ ಪಿ. ವಾಸು ಅದನ್ನು ತಮಿಳಿಗೆ ಒಯ್ದು 'ಮನ್ನನ್' ಮಾಡಿದರು. ರಜನಿಕಾಂತ್ ಎದುರಿಗೆ ವಿಜಯಶಾಂತಿ! ಸಂಗೀತ ಇಳಯರಾಜಾ, ರಜನಿ ಮೊದಲ ಸಲ ಹಾಡಿದ್ದೂ ಅದರಲ್ಲೇ. ಅದೇ ವರ್ಷ ತೆಲುಗಿನಲ್ಲಿ ಕೆ. ರಾಘವೇಂದ್ರರಾವ್ ಕೈಯಲ್ಲಿ 'ಘರಾನಾ ಮೊಗುಡು'. ಚಿರಂಜೀವಿ, ನಗ್ಮಾ, ಕೀರವಾಣಿ ಹಾಡುಗಳು. 1994ರಲ್ಲಿ ಹಿಂದಿಯ 'ಲಾಡ್ಲಾ', ಅನಿಲ್ ಕಪೂರ್ ಜೊತೆ ಶ್ರೀದೇವಿ. ಆ ಪಾತ್ರಕ್ಕೆ ಮೊದಲು ಬಣ್ಣ ಹಚ್ಚಿದ್ದವರು ದಿವ್ಯಾ ಭಾರತಿ. 1993ರ ಏಪ್ರಿಲ್‌ನಲ್ಲಿ ಆ ಹುಡುಗಿ ತೀರಿಕೊಂಡ ಮೇಲೆ ಶ್ರೀದೇವಿ ಬಂದು ಮತ್ತೆ ಚಿತ್ರೀಕರಣ ಆಯಿತು. ನಾಲ್ಕು ಭಾಷೆ, ನಾಲ್ವರು ದೊಡ್ಡ ಹೀರೋಗಳು, ನಾಲ್ವರು ಸೊಕ್ಕಿನ ಸುಂದರಿಯರು. ಕನ್ನಡದ ಕಥೆಯೊಂದು ಹೀಗೆ ದೇಶ ಸುತ್ತಿದ್ದು ನಮಗೆ ಹೆಮ್ಮೆಯೇ!

ಆದರೆ ಒಂದು ಮಾತು. ಈ ಚಿತ್ರಗಳಲ್ಲಿ ಬಿಸಿ ಎಲ್ಲಿದೆ ಅಂತ ನೋಡಿದರೆ ಹಾಡುಗಳಲ್ಲಲ್ಲ. ಅವಳು ಎದುರು ನಿಂತು ಮಾತಾಡುವ ಸೀನ್‌ಗಳಲ್ಲಿ. ಅವನು ಒಂದು ಹೇಳಿದರೆ ಇವಳು ಎರಡು. ಕಣ್ಣಿಗೆ ಕಣ್ಣು, ಮಾತಿಗೆ ಮಾತು. ಸಮಸಮಕ್ಕೆ ನಿಂತಾಗಲೇ ಕಿಡಿ ಹಾರುವುದು. ಅವಳು ಸೋತು ತಲೆ ಬಗ್ಗಿಸಿದ ಮೇಲೆ? ಮಂಗಳಂ. ಜನ ಚಪ್ಪಲಿ ಹುಡುಕಿಕೊಂಡು ಎದ್ದೇಳುತ್ತಾರೆ. ಅಂದರೆ ನಮಗೆ ನಿಜವಾಗಿ ಬೇಕಾಗಿದ್ದು ಗಟ್ಟಿ ಹೆಣ್ಣೇ. ಶಿಳ್ಳೆ ಹೊಡೆದಿದ್ದು ಮಾತ್ರ ಅವಳು ಮೆತ್ತಗಾದಾಗ!

ಇದೇ ಗಾಂಧಿನಗರದಲ್ಲಿ ಇನ್ನೊಂದು ದಾರಿಯೂ ಇತ್ತು. ಉಷಾ ನವರತ್ನರಾಂ ಅವರ ಕಾದಂಬರಿ, ರಾಜೇಂದ್ರಸಿಂಗ್ ಬಾಬು ನಿರ್ದೇಶನದ 1984ರ 'ಬಂಧನ' ನೆನಪಿಸಿಕೊಳ್ಳಿ. ವಿಷ್ಣುವರ್ಧನ್, ಸುಹಾಸಿನಿ ಇಬ್ಬರೂ ಡಾಕ್ಟರ್‌ಗಳು, ಜೊತೆಗೆ ಕೆಲಸ ಮಾಡುವವರು. ಅವನಿಗೆ ಅವಳ ಮೇಲೆ ಪ್ರಾಣ. ಅವಳ ಮನಸ್ಸು ಬೇರೆಯವನ ಮೇಲೆ. ಅವನು ಆ 'ಇಲ್ಲ'ವನ್ನು ಎದೆಯೊಳಗೆ ಇಟ್ಟುಕೊಂಡು ಪಕ್ಕಕ್ಕೆ ಸರಿಯುತ್ತಾನೆ. ಕೆನ್ನೆಗೆ ಹೊಡೆಯಲಿಲ್ಲ, ಸವಾಲು ಹಾಕಲಿಲ್ಲ. ಅಷ್ಟಾದರೂ ಅವನೇ ಹೀರೋ! ಥಿಯೇಟರಿನಲ್ಲಿ ಗಂಡುಹುಡುಗರೇ ಕರ್ಚೀಫು ತೆಗೆದರು. 'ಇಲ್ಲ' ಅನ್ನಿಸಿಕೊಂಡ ಗಂಡಸು ಕನ್ನಡಿಗರ ಕಣ್ಣಲ್ಲಿ ಚಿಕ್ಕವನಾಗಲಿಲ್ಲ, ನೋಡಿ.

ಈಗ ಒಂದು ಮನೆ ಮಾತು. ನಮ್ಮಕ್ಕ ಗಾರ್ಮೆಂಟ್ಸ್‌ನಲ್ಲಿ ಟೈಲರ್. ನಾನು ಪಿಯುಸಿ ಅರ್ಧಕ್ಕೆ ಬಿಟ್ಟು ಪೆನ್ನು ಹಿಡಿದು ಊರೂರು ಅಲೆಯುವಾಗ ಮನೆ ಬಾಡಿಗೆ ಕಟ್ಟಿದ್ದು ಅವಳ ಹೊಲಿಗೆ ಮೆಷಿನ್ನು. ಒಂದು ಭಾನುವಾರ ಟೀವಿಯಲ್ಲಿ ಇಂಥದ್ದೇ ಒಂದು ಬಾಸ್ ಪ್ರೇಮದ ಚಿತ್ರ ಬರುತ್ತಿತ್ತು. ನಾನು ಕಣ್ಣು ಕೀಳದೆ ನೋಡುತ್ತಿದ್ದೆ. ಅವಳು ಹುರುಳಿಕಾಯಿ ಸೋಸುತ್ತಾ ಕೂತಿದ್ದಳು.

"ಲೋ, ಆ ಹುಡುಗಿ ಬೇಡ ಅಂದಿದ್ರೆ ಸೋಮವಾರ ಅವಳಿಗೆ ಕೆಲಸ ಇರ್ತಿತ್ತೇನೋ?" ಅಂದಳು.

"ಸಿನಿಮಾ ಕಣಕ್ಕ ಅದು. ಅವಳು ಯಾಕೆ ಬೇಡ ಅಂತಾಳೆ?" ಅಂದೆ.

"ಅದೇ ನಾನೂ ಕೇಳ್ತಿರೋದು. ನಮ್ಮ ಫ್ಲೋರಲ್ಲಿ ಸೂಪರ್‌ವೈಸರು ನಕ್ಕರೆ ನಾವೂ ನಗಬೇಕು. ಹೂಂ ಅಂದ್ರೆ ಲೈನಿನೋರ ಬಾಯಿಗೆ ಬೀಳಬೇಕು. ಉಹೂಂ ಅಂದ್ರೆ ಟಾರ್ಗೆಟ್ ಜಾಸ್ತಿ ಮಾಡ್ತಾನೆ. ನಿಮ್ಮ ಸಿನಿಮಾದೋರಿಗೆ ಮೂರನೇ ದಾರಿ ಏನಾದ್ರೂ ಗೊತ್ತಿದ್ರೆ ಬರಿಯೋ."

ಅಕ್ಕ ಕೇಳಿದ ಆ ಮೂರನೇ ದಾರಿಯನ್ನು ತೋರಿಸಿದ ಚಿತ್ರ ಒಂದಿದೆ ಗೆಳೆಯರೇ. ಅಮೆರಿಕದ್ದು, 1960ರದ್ದು, ಕಪ್ಪು ಬಿಳುಪಿನದ್ದು. ಹೆಸರು 'ದಿ ಅಪಾರ್ಟ್‌ಮೆಂಟ್'. ಬಿಲ್ಲಿ ವೈಲ್ಡರ್ ನಿರ್ದೇಶನ, ಅತ್ಯುತ್ತಮ ಚಿತ್ರ ಪ್ರಶಸ್ತಿಯೂ ಸೇರಿ ಐದು ಆಸ್ಕರ್. ನ್ಯೂಯಾರ್ಕಿನ ದೊಡ್ಡ ಇನ್ಷೂರೆನ್ಸ್ ಕಂಪನಿ. ಅಲ್ಲಿ ಬ್ಯಾಕ್ಸ್‌ಟರ್ ಅನ್ನುವ ಬಡ ಗುಮಾಸ್ತ, ಪಾತ್ರಧಾರಿ ಜಾಕ್ ಲೆಮನ್. ಮೇಲಿನ ಸಾಹೇಬರು ಹುಡುಗಿಯರನ್ನು ಕರೆದುಕೊಂಡು ಹೋಗುವುದಕ್ಕೆ ತನ್ನ ಕೋಣೆಯ ಕೀಲಿ ಕೊಡುತ್ತಾನೆ, ಬದಲಿಗೆ ಪ್ರಮೋಷನ್! ಲಿಫ್ಟ್ ನಡೆಸುವ ಹುಡುಗಿ ಫ್ರಾನ್ ಆಗಿ ಶೆರ್ಲಿ ಮೆಕ್ಲೇನ್. ಬ್ಯಾಕ್ಸ್‌ಟರ್‌ಗೆ ಅವಳ ಮೇಲೆ ಮನಸ್ಸು. ಅವಳಿಗೋ ದೊಡ್ಡ ಬಾಸ್ ಶೆಲ್ಡ್ರೇಕ್ ಮೇಲೆ. ಅವನು ಹೆಂಡತಿ ಮಕ್ಕಳುಳ್ಳವನು. ಇವರಿಬ್ಬರೂ ಸೇರುವ ಜಾಗ ಯಾವುದು? ಅದೇ ಬ್ಯಾಕ್ಸ್‌ಟರನ ಕೋಣೆ!

ಕ್ರಿಸ್‌ಮಸ್ ದಿನ ಹತ್ತಿರ ಬಂದಾಗ ಆ ಬಾಸ್ ಅವಳಿಗೆ ಉಡುಗೊರೆ ಅಂತ ಕೊಡುವುದು ನೂರು ಡಾಲರಿನ ಒಂದು ನೋಟು. ಒಂದು ಸೀರೆಯಲ್ಲ, ಒಂದು ಹೂವಲ್ಲ... ನೋಟು! ಫ್ರಾನ್‌ಗೆ ತನ್ನ ಬೆಲೆ ಏನು ಅಂತ ಆಗ ಗೊತ್ತಾಗುತ್ತದೆ. ಅದೇ ಕೋಣೆಯಲ್ಲಿ ನಿದ್ದೆ ಮಾತ್ರೆ ನುಂಗುತ್ತಾಳೆ. ಬದುಕಿಸುವವರು ಬ್ಯಾಕ್ಸ್‌ಟರ್ ಮತ್ತು ಪಕ್ಕದ ಮನೆ ಡಾಕ್ಟರ್. ಇನ್ನೊಂದು ಸೂಕ್ಷ್ಮ ಗಮನಿಸಿ. ಆ ಬಾಸಿನ ಹಳೆಯ ಪ್ರೇಯಸಿ ಅವನ ಸೆಕ್ರೆಟರಿಯೇ. ಆಕೆ ಫ್ರಾನ್‌ಗೆ ಸತ್ಯ ಹೇಳಿದಳು ಅನ್ನುವ ತಪ್ಪಿಗೆ ಕೆಲಸ ಹೋಗುತ್ತದೆ. ಅಕ್ಕ ಹೇಳಿದ ಸೋಮವಾರ ಇದೇ ಅಲ್ಲವೇ!

ಕೊನೆಗೆ ಬಾಸ್ ಮತ್ತೆ ಕೀಲಿ ಕೇಳಿದಾಗ ಬ್ಯಾಕ್ಸ್‌ಟರ್ ಕೊಡುವುದಿಲ್ಲ. ಪ್ರಮೋಷನ್, ಕ್ಯಾಬಿನ್, ಎಲ್ಲವನ್ನೂ ಬಿಟ್ಟು ಹೊರಗೆ ಬರುತ್ತಾನೆ. ಸುದ್ದಿ ಕಿವಿಗೆ ಬಿದ್ದದ್ದೇ ಫ್ರಾನ್ ಆ ಸಾಹೇಬನನ್ನು ಪಾರ್ಟಿಯಲ್ಲಿ ಒಂಟಿಯಾಗಿ ಬಿಟ್ಟು ಓಡಿ ಬರುತ್ತಾಳೆ. ಅಪ್ಪುಗೆ ಇಲ್ಲ, ಮುತ್ತಿಲ್ಲ. ಇಬ್ಬರೂ ಇಸ್ಪೀಟು ಆಡುವುದಕ್ಕೆ ಕೂರುತ್ತಾರೆ, ಅಷ್ಟೆ. ಆದರೂ ಅಂಥ ಬಿಸಿ ಪ್ರಣಯ ದೃಶ್ಯ ನಾನು ಕಂಡದ್ದು ಕಡಿಮೆ. ಯಾಕೆಂದರೆ ಅಲ್ಲಿ ಯಾರೂ ಯಾರ ಸಂಬಳವನ್ನೂ ಹಿಡಿದುಕೊಂಡಿಲ್ಲ.

ಇನ್ನು 1980ರ 'ನೈನ್ ಟು ಫೈವ್'. ಜೇನ್ ಫೋಂಡಾ, ಲಿಲಿ ಟಾಮ್ಲಿನ್, ಡಾಲಿ ಪಾರ್ಟನ್, ಮೂವರು ಗಟ್ಟಿಗಿತ್ತಿಯರು! ಇದರ ಬಾಸ್ ಮಹಾಶಯ ತನ್ನ ಸೆಕ್ರೆಟರಿಯ ಜೊತೆ ಸಂಬಂಧ ಇದೆ ಅಂತ ಆಫೀಸೆಲ್ಲಾ ಸಾರಿಕೊಂಡಿರುತ್ತಾನೆ. ಏನೂ ಇಲ್ಲ, ಬರೀ ಸುಳ್ಳು. ಆದರೆ ಉಳಿದ ಹೆಂಗಸರು ಅವಳ ಪಕ್ಕ ಊಟಕ್ಕೂ ಕೂರುವುದಿಲ್ಲ. ಅವಳಿಗೆ ಮಾತ್ರ ಕಾರಣವೇ ಗೊತ್ತಿಲ್ಲ. ಈಗ ಎದೆ ಮುಟ್ಟಿಕೊಂಡು ಹೇಳಿ. ನಮ್ಮ ಬೀದಿಯ ಯಾವುದೋ ಹುಡುಗಿಗೆ ಪ್ರಮೋಷನ್ ಆದಾಗ, ಟೀ ಅಂಗಡಿಯಲ್ಲಿ ನಿಂತು ನಾವು ಏನು ಮಾತಾಡುತ್ತೇವೆ? ಆ ಬಾಸಿನ ಸುಳ್ಳು ಕಥೆಯನ್ನು ಅವನಿಗಿಂತ ಚೆನ್ನಾಗಿ ನಾವೇ ಬರೆಯುತ್ತೇವಲ್ಲವೇ? ಆ ಚಿತ್ರದಲ್ಲಿ ಮೂವರೂ ಸೇರಿ ಬಾಸನ್ನು ಅವನ ಮನೆಯಲ್ಲೇ ಕಟ್ಟಿಹಾಕಿ ಆಫೀಸು ನಡೆಸುತ್ತಾರೆ. ಸಮಾನ ಸಂಬಳ ಬರುತ್ತದೆ, ಕೂಸುಗಳನ್ನು ನೋಡಿಕೊಳ್ಳುವ ಜಾಗ ಬರುತ್ತದೆ. ಕೆಲಸವೂ ಮೊದಲಿಗಿಂತ ಜೋರು!

"ಹಳೇ ಕಥೆ ಸಾಕು ಗುರೂ, ಈಗಿನದು ಹೇಳು" ಅನ್ನುತ್ತೀರಿ. ಸರಿ. ಮೊಬೈಲಿನಲ್ಲಿ ಕೊರಿಯಾ ಸೀರಿಯಲ್ ನೋಡುವ ತಂಗಿಯರು ಈಗ ಮನೆಮನೆಯಲ್ಲಿ ಇದ್ದಾರೆ. ಅವರನ್ನು ಕೇಳಿ, 2018ರ 'ವಾಟ್ಸ್ ರಾಂಗ್ ವಿತ್ ಸೆಕ್ರೆಟರಿ ಕಿಮ್' ಬಗ್ಗೆ. ತನ್ನನ್ನು ತಾನೇ ಪ್ರೀತಿಸುವ ಶ್ರೀಮಂತ ಬಾಸ್. ಒಂಬತ್ತು ವರ್ಷ ಅವನ ನೆರಳಿನಂತೆ ದುಡಿದ ಸೆಕ್ರೆಟರಿ. ಕಥೆ ಶುರುವಾಗುವುದು ಹೇಗೆ ಗೊತ್ತಾ? ಅವಳು ಕೆಲಸ ಬಿಡುತ್ತೇನೆ ಅನ್ನುವುದರಿಂದ! ಅಲ್ಲಿಂದಲೇ ಅವನಿಗೆ ನಿದ್ದೆ ಇಲ್ಲ. ಸಂಬಳದ ದಾರ ಸಡಿಲವಾದ ಮೇಲೆಯೇ ಅವನು ಅವಳನ್ನು ಹೆಣ್ಣಾಗಿ ಕಾಣುವುದು, ಓಲೈಸುವುದು. ಬಾಸ್ ಪ್ರೇಮದ ಒಳ್ಳೆ ಕಥೆಗಾರರಿಗೆ ಈ ಗುಟ್ಟು ಗೊತ್ತು. ಮುತ್ತಿಗೆ ಮುಂಚೆ ರಾಜೀನಾಮೆ ಪತ್ರ ಬರಬೇಕು!

ಅದಕ್ಕಿಂತ ಬಿಸಿ ಬೇಕಾದರೆ 2024ರ 'ಬೇಬಿಗರ್ಲ್'. ಇದು ವಯಸ್ಕರಿಗೆ ಮಾತ್ರ, ಮನೆಮಂದಿ ಜೊತೆ ಕೂತು ನೋಡಬೇಡಿ. ಐವತ್ತು ದಾಟಿದ ನಿಕೋಲ್ ಕಿಡ್ಮನ್ ದೊಡ್ಡ ಕಂಪನಿಯ ಮುಖ್ಯಸ್ಥೆ. ಅವಳ ಆಫೀಸಿಗೆ ಕೆಲಸ ಕಲಿಯಲು ಬಂದ ಹುಡುಗ ಅವಳನ್ನೇ ಕುಣಿಸುತ್ತಾನೆ. ನಿರ್ದೇಶಿಸಿದ್ದು ಹಲೀನಾ ರೈನ್ ಅನ್ನುವ ಹೆಂಗಸು. ವೆನಿಸ್ ಚಿತ್ರೋತ್ಸವದಲ್ಲಿ ಕಿಡ್ಮನ್‌ಗೆ ಶ್ರೇಷ್ಠ ನಟಿ ಪ್ರಶಸ್ತಿ ಬಂತು. ಅಲ್ಲಿ ಕಪಾಳಮೋಕ್ಷದ ನ್ಯಾಯ ಇಲ್ಲ. ಒಂದು ಫೋನ್ ಮಾಡಿದರೆ ಅವಳ ಸಾಮ್ರಾಜ್ಯವೇ ಹೋಗುತ್ತದೆ ಅನ್ನುವ ಭಯ ಇದೆ. ಇಬ್ಬರ ಕೈಯಲ್ಲೂ ಬೆಂಕಿಕಡ್ಡಿ. ಅದಕ್ಕೇ ಅದು ಸುಡುತ್ತದೆ.

ಹಾಗಾದರೆ ಆಫೀಸಿನಲ್ಲಿ ಪ್ರೀತಿಸುವುದೇ ತಪ್ಪಾ? ಯಾರು ಹಾಗಂದರು! ಕಾನೂನು ಕೂಡ ಹಾಗೆ ಹೇಳುವುದಿಲ್ಲ. 1997ರಲ್ಲಿ ಸುಪ್ರೀಂ ಕೋರ್ಟು ವಿಶಾಖಾ ತೀರ್ಪು ಕೊಟ್ಟಿತು. 2013ರಲ್ಲಿ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ ಬಂತು. ಎರಡರಲ್ಲೂ ಜೀವ ಇರುವುದು ಒಂದೇ ಮಾತಿನಲ್ಲಿ: ಅವಳಿಗೆ ಇಷ್ಟವಿಲ್ಲದ ನಡವಳಿಕೆ. ಇಷ್ಟ ಇದ್ದರೆ ಹೂವು ಕೊಡಿ, ಬೇಡ ಅಂದವರಾರು? ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಅದರ ಮುಖ್ಯಸ್ಥರು ಹೆಂಗಸೇ ಆಗಿರಬೇಕು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ದೂರು ಕೊಡಬೇಕು. ಅದಕ್ಕಿಂತ ಸಣ್ಣ ಜಾಗವಾದರೆ ಜಿಲ್ಲಾ ಮಟ್ಟದಲ್ಲಿ ಸಮಿತಿ ಇದೆ. ನಿಮ್ಮ ಅಕ್ಕತಂಗಿಯರು ಕೆಲಸಕ್ಕೆ ಹೋಗುತ್ತಿದ್ದರೆ ಈ ನಾಲ್ಕು ಮಾತು ಹೇಳಿ. ಹೀರೋಯಿನ್ ಹುಟ್ಟಿದ ದಿನ ನೆನಪಿಟ್ಟುಕೊಂಡ ತಲೆಯಲ್ಲಿ ಇದಕ್ಕೂ ಸ್ವಲ್ಪ ಜಾಗ ಇರಲಿ!

ಸಿನಿಮಾ ಸೆಟ್ಟೂ ಒಂದು ಕೆಲಸದ ಜಾಗವೇ. ಚಿತ್ರತಂಡಗಳಲ್ಲೂ ಆಂತರಿಕ ಸಮಿತಿ ಇರಬೇಕು ಅಂತ ಕೇರಳ ಹೈಕೋರ್ಟು 2022ರಲ್ಲಿ ಹೇಳಿತು. 2017ರಲ್ಲಿ ಕೇರಳ ಸರಕಾರ ನೇಮಿಸಿದ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ 2024ರ ಆಗಸ್ಟ್‌ನಲ್ಲಿ ಹೊರಗೆ ಬಂದಾಗ ಮಲಯಾಳಂ ಚಿತ್ರರಂಗವೇ ನಡುಗಿತು. ನಾವು ಪೋಸ್ಟರ್ ಅಂಟಿಸಿಕೊಂಡ ಮುಖಗಳ ಹಿಂದೆ, ಅವಕಾಶ ಅನ್ನುವ ಕೀಲಿಯನ್ನು ಕೈಯಲ್ಲಿ ಹಿಡಿದ ಶೆಲ್ಡ್ರೇಕ್‌ಗಳು ಇದ್ದರು. ಅವರ ಮುಂದೆ ನಿಂತು 'ಇಲ್ಲ' ಅಂದ ಹುಡುಗಿಯರಿಗೆ ಯಾವ ಥಿಯೇಟರಿನಲ್ಲೂ ಶಿಳ್ಳೆ ಬೀಳಲಿಲ್ಲ.

ಗಾಂಧಿನಗರದಲ್ಲಿ ಕಥೆ ಹಿಡಿದು ಓಡಾಡುವ ನನ್ನ ವಯಸ್ಸಿನ ಹುಡುಗರಿಗೆ ಒಂದು ವಿನಂತಿ. ಬಾಸ್ ಪ್ರೇಮದ ಕಥೆ ಬರೀರಿ, ಬಿಸಿಬಿಸಿಯಾಗಿಯೇ ಬರೀರಿ. ಅವಳು ಸೆಕ್ರೆಟರಿಯಾಗಲಿ, ಯಜಮಾನಿಯಾಗಲಿ, ಗಟ್ಟಿಗಿತ್ತಿಯಾಗಿರಲಿ. ಬೇಡ ಅಂದರೂ ಸೋಮವಾರ ಬೆಳಗ್ಗೆ ಅವಳ ಕುರ್ಚಿ ಅವಳಿಗೇ ಇರುತ್ತದೆ ಅಂತ ಮೊದಲು ತೋರಿಸಿ. ಆಮೇಲೆ ಅವಳು 'ಹೂಂ' ಅಂದಾಗ ನೋಡಿ, ಆ ಹೂಂಗೆ ಎಂಥಾ ಬೆಲೆ ಬರುತ್ತದೆ! ಕುರ್ಚಿಯಿಂದ ಎದ್ದು ಬಂದು, ಕೈ ಕಟ್ಟಿ ನಿಂತು, "ಇಷ್ಟ ಇದೆಯಾ?" ಅಂತ ಕೇಳುವ ಹೀರೋ ತೆರೆ ಮೇಲೆ ಬಂದ ದಿನ ಮೊದಲ ಆಟಕ್ಕೆ, ಮೊದಲ ಸಾಲಿನಲ್ಲಿ ನಾನಿರುತ್ತೇನೆ. ಶಿಳ್ಳೆಯೂ ನನ್ನದೇ ಮೊದಲು.

ನೀವೂ ಬರ್ತೀರಿ ತಾನೆ?