ಬಿಲ್ಲಿಗೆ ‘ಅಪ್ ಟು’ ಇಲ್ಲ

‘ರೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ ಸರ್.’ ಇಂಟರ್ನೆಟ್ ನಿಧಾನ ಎಂದು ಫೋನ್ ಮಾಡಿದವರಿಗೆಲ್ಲ ಸಿಗುವ ಮಂತ್ರ ಇದು. ಕೆಲವೊಮ್ಮೆ ಫಲಿಸುತ್ತದೆ, ನಿಜ. ಆದರೆ ದಿನಾ ರಾತ್ರಿ ಕುಸಿದು ಬೆಳಗ್ಗೆ ತಾನೇ ಸರಿಹೋಗುವ ವೇಗಕ್ಕೆ ಇದು ಮದ್ದಲ್ಲ, ತಪ್ಪನ್ನು ನಮ್ಮ ತಲೆಗೆ ಕಟ್ಟುವ ಉಪಾಯ.

ತಪ್ಪು ಯಾರದೆಂದು ತಿಳಿಯಲು ಒಂದು ಲ್ಯಾನ್ ಕೇಬಲ್ ಸಾಕು. ಲ್ಯಾಪ್‌ಟಾಪನ್ನು ರೂಟರಿಗೆ ನೇರ ಜೋಡಿಸಿ, ಉಳಿದವರ ವೈಫೈ ನಿಲ್ಲಿಸಿ, ಬೆಳಗ್ಗೆಯೂ ರಾತ್ರಿಯೂ ವೇಗ ಅಳೆಯಿರಿ. ಎರಡು ಹೊತ್ತೂ ಪೂರಾ ಬಂದರೆ ದೋಷ ನಮ್ಮ ಮನೆಯ ವೈಫೈನದು: ರೂಟರ್ ಟಿವಿಯ ಹಿಂದೆ ಅಡಗಿದೆ, ಇಲ್ಲವೇ 2.4 ಗಿಗಾಹರ್ಟ್ಸ್‌ನಲ್ಲಿ ಅಕ್ಕಪಕ್ಕದ ಫ್ಲ್ಯಾಟುಗಳ ಜತೆ ಕಾದಾಡುತ್ತಿದೆ. ಅಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ: 1, 6, 11. ಹತ್ತಿರದ ಕೋಣೆಗಳಿಗೆ 5 ಗಿಗಾಹರ್ಟ್ಸ್ ಬಳಸಿ.

ಡೇಟಾ ಮಿತಿ ಮುಗಿದಿಲ್ಲ, ಆದರೂ ಕೇಬಲ್‌ನಲ್ಲೇ ರಾತ್ರಿ ಕುಸಿಯುತ್ತದೆಯೇ? ಹಾಗಾದರೆ ತಿಣುಕುತ್ತಿರುವುದು ಕಂಪನಿಯ ಲೈನು. ಆಗ ಅವರು ‘ಅಪ್ ಟು 100’ ಎಂಬ ಮಾತಿನ ಹಿಂದೆ ಅವಿತುಕೊಳ್ಳುತ್ತಾರೆ. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಸರ್ಕಾರ ಕೇಳುವುದೇ ಕನಿಷ್ಠ 2 ಎಂಬಿಪಿಎಸ್. 2023ಕ್ಕೆ ಮುಂಚೆ 512 ಕೆಬಿಪಿಎಸ್ ಇದ್ದರೂ ಸಾಕಿತ್ತು. ಬಿಲ್ಲನ್ನು ಮಾತ್ರ ನಾವು ‘ಅಪ್ ಟು’ ಕಟ್ಟುವಂತಿಲ್ಲ.

ಅದಕ್ಕೇ ಹೇಳುವುದು, ಬೈಯಬೇಡಿ, ಬರೆದಿಡಿ. ದಿನಾಂಕ, ಹೊತ್ತು, ಕೇಬಲ್‌ನಲ್ಲಿ ಬಂದ ವೇಗ. ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಅಂಥದ್ದೊಂದು ಇರಲೇಬೇಕೆಂದು ಟ್ರಾಯ್ ನಿಯಮವಿದೆ. ಸೊಸೈಟಿಯಲ್ಲಿ ಒಂದೇ ಕಂಪನಿಗೆ ಪ್ರವೇಶವಿದ್ದರೆ, ಮುಂದಿನ ಸಭೆಯಲ್ಲಿ ಎದ್ದು ನಿಂತು ಎರಡನೆಯದನ್ನು ಕೇಳಿ. ಬಿಟ್ಟು ಹೋಗಲಾರದ ಗಿರಾಕಿಯ ದೂರಿಗೆ ಯಾರೂ ಹೆದರುವುದಿಲ್ಲ.